ನೀರಿನ ಗೆರೆ, ಕಲ್ಲಿನ ಗೆರೆ
(ಬುಕ್ಕರಾಯನ ಕಾಲದ ಒಂದು ಶಾಸನ ಮತ್ತು ಕ್ರೋಧದ ವಿವೇಚನೆ)

ದಶಲಕ್ಷಣ ಪರ್ವದ ಹತ್ತು ಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ. ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ನಾವೆಲ್ಲರೂ ಬಸದಿಯಲ್ಲಿ ಸೇರಿ, ಹಿರಿಯರು ಕಿರಿಯರೆಂಬ ಭೇದವಿಲ್ಲದೆ ಕೈಮುಗಿದು ಪರಸ್ಪರ ಕ್ಷಮೆ ಬೇಡುತ್ತೇವೆ. ಇದು ನಮ್ಮ ಸಮಾಜ ಹೆಮ್ಮೆಪಡಬೇಕಾದ ಸಂಪ್ರದಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಸಂಗತಿಯನ್ನು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಯಾರೊಡನೆ ನಮಗೆ ಮನಸ್ತಾಪವೇ ಇಲ್ಲವೋ ಅವರಿಗೆ ಮೊದಲು ಕೈಮುಗಿಯುತ್ತೇವೆ. ಯಾರ ಮೇಲೆ ನಿಜವಾಗಿ ಕೋಪವಿದೆಯೋ ಅವರು ಎದುರಾದಾಗ ಕಂಬದ ಮರೆಗೆ ಸರಿಯುತ್ತೇವೆ, ಇಲ್ಲವೇ ಕೈ ಅವರ ಕಡೆಗಿದ್ದರೂ ಕಣ್ಣನ್ನು ಬೇರೆ ಕಡೆಗೆ ಹೊರಳಿಸುತ್ತೇವೆ. ಅನೇಕ ವರ್ಷ ಹೀಗೆ ಮಾಡಿದವರಲ್ಲಿ ಈ ಲೇಖಕನೂ ಒಬ್ಬ.

ಕ್ರೋಧವನ್ನು ಬಿಡಬೇಕೆಂದು ನಮಗೆ ಬಾಲ್ಯದಿಂದಲೂ ಉಪದೇಶ ದೊರೆತಿದೆ. ಬಿಡುವುದಕ್ಕೂ ಬಚ್ಚಿಡುವುದಕ್ಕೂ ಇರುವ ಅಂತರವೇನು? ಅನ್ಯಾಯಕ್ಕೆ ಒಳಗಾದ ಶ್ರಾವಕನು ಮಾಡಬೇಕಾದುದೇನು? ಬಾಯಿ ಮುಚ್ಚಿಕೊಂಡಿರುವುದೇ ಕ್ಷಮೆಯೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿ ಮಾತ್ರವಲ್ಲದೆ ನಮ್ಮ ನಾಡಿನ ಇತಿಹಾಸದಲ್ಲಿಯೂ ಹುಡುಕಬಹುದು. ಆರೂವರೆ ಶತಮಾನಗಳ ಹಿಂದೆ ನಮ್ಮ ಪೂರ್ವಿಕರು ಅನ್ಯಾಯವೊಂದನ್ನು ಎದುರಿಸಿದ ರೀತಿ ಶ್ರವಣಬೆಳಗೊಳದ ಶಾಸನವೊಂದರಲ್ಲಿ ಉಳಿದುಬಂದಿದೆ. ಅದನ್ನು ಕುರಿತು ವಿಚಾರ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಕ್ರೋಧಕ್ಕೆ ಕಾಲದ ಅಳತೆ

ಶಾಸನಕ್ಕೆ ಬರುವ ಮುನ್ನ ನಮ್ಮ ಆಚಾರ್ಯರು ಕ್ರೋಧವನ್ನು ಹೇಗೆ ಅರ್ಥಮಾಡಿಕೊಂಡಿದ್ದರೆಂಬುದನ್ನು ಸಂಕ್ಷೇಪವಾಗಿ ನೋಡುವುದು ಅಗತ್ಯ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಕ್ರೋಧವೇ ಮೊದಲನೆಯದು. ಪ್ರತಿಯೊಂದು ಕಷಾಯಕ್ಕೂ ಅನಂತಾನುಬಂಧಿ, ಅಪ್ರತ್ಯಾಖ್ಯಾನಾವರಣ, ಪ್ರತ್ಯಾಖ್ಯಾನಾವರಣ, ಸಂಜ್ವಲನ ಎಂಬ ನಾಲ್ಕು ಅಂತಸ್ತುಗಳಿವೆ. ಹೀಗೆ ಕಷಾಯಗಳು ಒಟ್ಟು ಹದಿನಾರು.

ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ‘ಗೊಮ್ಮಟಸಾರ’ದಲ್ಲಿ ಕ್ರೋಧಕ್ಕೆ ನಾಲ್ಕು ಹೋಲಿಕೆಗಳನ್ನು ಹೇಳಿದೆ. ಕಲ್ಲಿನಲ್ಲಿ ಮೂಡಿದ ಗೆರೆ, ಭೂಮಿಯಲ್ಲಿ ಬಿಟ್ಟ ಬಿರುಕು, ಧೂಳಿನಲ್ಲಿ ಎಳೆದ ಗೆರೆ, ನೀರಿನಲ್ಲಿ ಎಳೆದ ಗೆರೆ. ಕಲ್ಲಿನ ಗೆರೆ ಎಂದಿಗೂ ಕೂಡಿಕೊಳ್ಳದು. ಭೂಮಿಯ ಬಿರುಕು ಮಳೆ ಬಂದಾಗ ಮುಚ್ಚುತ್ತದೆ. ಧೂಳಿನ ಗೆರೆಗೆ ಗಾಳಿ ಬೀಸಿದರೆ ಸಾಕು. ನೀರಿನ ಗೆರೆಯಂತೂ ಬೆರಳು ಮುಂದೆ ಹೋಗುವಷ್ಟರಲ್ಲಿ ಹಿಂದೆ ಅಳಿಸಿಹೋಗಿರುತ್ತದೆ. ಅದೇ ಗ್ರಂಥದ ಕರ್ಮಕಾಂಡವು ಈ ಕಷಾಯಗಳ ವಾಸನೆ ಎಷ್ಟು ಕಾಲ ಉಳಿಯುತ್ತದೆಂಬುದನ್ನೂ ತಿಳಿಸುತ್ತದೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅನಂತಾನುಬಂಧಿಯಾದರೋ ಭವಭವಾಂತರಗಳವರೆಗೆ ಬೆನ್ನಟ್ಟುತ್ತದೆ. ಶ್ವೇತಾಂಬರ ಗ್ರಂಥಗಳಲ್ಲಿ ಈ ಅವಧಿಗಳು ಅನುಕ್ರಮವಾಗಿ ಒಂದು ಪಕ್ಷ, ನಾಲ್ಕು ತಿಂಗಳು, ಒಂದು ವರ್ಷ ಮತ್ತು ಜೀವಮಾನ ಎಂದಿವೆ. ಲೆಕ್ಕದಲ್ಲಿ ಭೇದವಿದ್ದರೂ ತತ್ತ್ವದಲ್ಲಿ ಭೇದವಿಲ್ಲ.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಲೋಕವು ಕೋಪವನ್ನು ಅದರ ಅಬ್ಬರದಿಂದ ಅಳೆಯುತ್ತದೆ. ಕೂಗಾಡಿದವನು ಮಹಾಕೋಪಿ, ಸುಮ್ಮನಿದ್ದವನು ಶಾಂತಮೂರ್ತಿ ಎಂಬುದು ಲೋಕದ ಎಣಿಕೆ. ನಮ್ಮ ಆಚಾರ್ಯರು ಅಬ್ಬರದ ಜೊತೆಗೆ ಅದು ಒಳಗೆ ನಿಂತ ಕಾಲವನ್ನೂ ಅಳೆದರು. ಈ ಅಳತೆಗೋಲನ್ನು ಹಿಡಿದು ನೋಡಿದರೆ, ಒಂದು ಮಾತು ಗಟ್ಟಿಯಾಗಿ ಆಡಿ ಸಂಜೆಯೊಳಗೆ ಮರೆತವನಿಗಿಂತ, ಒಂದು ಮಾತನ್ನೂ ಆಡದೆ ಹತ್ತು ವರ್ಷ ಒಳಗೇ ಇಟ್ಟುಕೊಂಡವನ ಸ್ಥಿತಿ ಹೆಚ್ಚು ಶೋಚನೀಯ. ಅನಂತಾನುಬಂಧಿ ಕಷಾಯವು ಸಮ್ಯಕ್ತ್ವವನ್ನೇ ಘಾತಿಸುವಂಥದು ಎಂಬುದನ್ನು ನೆನೆದರೆ ಈ ಮಾತಿನ ಗಾಂಭೀರ್ಯ ತಿಳಿದೀತು.

ಇನ್ನೊಂದು ಅಂಶ. ಐದನೆಯ ಗುಣಸ್ಥಾನದಲ್ಲಿರುವ ಅಣುವ್ರತಿ ಶ್ರಾವಕನಿಗೆ ಪ್ರತ್ಯಾಖ್ಯಾನಾವರಣ ಮತ್ತು ಸಂಜ್ವಲನ ಕಷಾಯಗಳ ಉದಯ ಇದ್ದೇ ಇರುತ್ತದೆ. ಅಂದರೆ ಗೃಹಸ್ಥನಿಗೆ ಕೋಪವೇ ಬರಬಾರದೆಂದು ಶಾಸ್ತ್ರ ಹೇಳಿಲ್ಲ. ಬಂದ ಕೋಪವು ಹದಿನೈದು ದಿನವನ್ನು ದಾಟಿ ಬೇರು ಬಿಡಬಾರದೆಂಬುದು ಅದರ ಎಚ್ಚರಿಕೆ. ಬರುವ ಕೋಪವನ್ನು ಹೇಗೆ ನಡೆಸಬೇಕೆಂಬುದಕ್ಕೂ ಸೂಚನೆಯುಂಟು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯವ್ರತದ ಐದು ಭಾವನೆಗಳನ್ನು ಹೇಳುವಾಗ ಕ್ರೋಧದ ತ್ಯಾಗವನ್ನು ಮೊದಲು ಹೇಳಿ, ಕೊನೆಯಲ್ಲಿ ಅನುವೀಚಿಭಾಷಣವನ್ನು, ಎಂದರೆ ವಿಚಾರಮಾಡಿ ಮಾತನಾಡುವುದನ್ನು, ಹೇಳಿದೆ. ಕ್ರೋಧದ ವಿಚಾರ ಸತ್ಯವ್ರತದ ಕಾವಲಿನಲ್ಲಿ ಬಂದಿರುವುದು ಅರ್ಥಪೂರ್ಣ. ಕೋಪಗೊಂಡವನು ಆದದ್ದನ್ನು ಆದಷ್ಟೇ ಹೇಳಲಾರ. ಒಂದಕ್ಕೆ ನಾಲ್ಕು ಸೇರಿಸುತ್ತಾನೆ. ಆದುದರಿಂದ ಮಾತನ್ನು ಬಿಡಬೇಕೆಂದು ಸೂತ್ರಕಾರರು ಹೇಳಲಿಲ್ಲ. ವಿಚಾರಮಾಡಿ ಆಡು ಎಂದರು.

ಕ್ರಿ.ಶ. 1368ರ ಬಿನ್ನಹ

ಈಗ ಶಾಸನದ ವಿಷಯ. ಶ್ರವಣಬೆಳಗೊಳದ ಭಂಡಾರಿ ಬಸದಿಯನ್ನು ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು ಕ್ರಿ.ಶ. 1159ರಲ್ಲಿ ಕಟ್ಟಿಸಿದನೆಂಬುದು ಸರ್ವವಿದಿತ. ಅದೇ ಬಸದಿಯಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನ (1356–1377) ಕಾಲದ ಶಾಸನವೊಂದಿದೆ. ಶಕ ವರ್ಷ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ ಅದರ ಕಾಲ, ಕ್ರಿಸ್ತಶಕಕ್ಕೆ 1368. ಲೂಯಿಸ್ ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನ ಸಂಪುಟದಲ್ಲಿಯೂ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿ ಹೊರತಂದ ಆವೃತ್ತಿಯಲ್ಲಿಯೂ ಇದು ಅಚ್ಚಾಗಿದೆ. ಇದೇ ಒಪ್ಪಂದದ ಪ್ರತಿಯೊಂದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ದೊರೆತಿದೆ.

ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದ ಉಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಪಟ್ಟಣ ಮೊದಲಾದ ಎಲ್ಲ ನಾಡುಗಳ ಭವ್ಯಜನರು, ಎಂದರೆ ಜೈನ ಶ್ರಾವಕರು, ಒಟ್ಟಾಗಿ ಬುಕ್ಕರಾಯನ ಬಳಿ ಹೋಗಿ ತಮಗೆ ಆಗುತ್ತಿರುವ ಅನ್ಯಾಯಗಳನ್ನು ಬಿನ್ನಹ ಮಾಡಿದರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೂಡಿಸಿದನು. ಅಲ್ಲಿ ನೆರೆದವರಲ್ಲಿ ದೊಡ್ಡ ಪೀಠಗಳ ಆಚಾರ್ಯರಷ್ಟೇ ಅಲ್ಲ, ದೇವಾಲಯಗಳ ಪರಿಚಾರಕರೂ ತಿರುಕುಲ ಜಾಂಬವಕುಲದವರೂ ಇದ್ದರೆಂದು ಶಾಸನ ಎಣಿಸಿ ಹೇಳುತ್ತದೆ. ಆ ತುಂಬಿದ ಸಭೆಯಲ್ಲಿ ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನು.

ತೀರ್ಮಾನದ ಮುಖ್ಯಾಂಶಗಳು ಹೀಗಿವೆ. ಜೈನ ದರ್ಶನಕ್ಕೆ ಹಿಂದಿನ ಮರ್ಯಾದೆಯಂತೆಯೇ ಪಂಚಮಹಾವಾದ್ಯಗಳೂ ಕಲಶವೂ ಸಲ್ಲತಕ್ಕದ್ದು. ಜೈನ ದರ್ಶನಕ್ಕೆ ಭಕ್ತರಿಂದ ಹಾನಿಯೋ ವೃದ್ಧಿಯೋ ಒದಗಿದರೆ ಅದನ್ನು ವೈಷ್ಣವರು ತಮಗೇ ಆದ ಹಾನಿವೃದ್ಧಿಯೆಂದು ಭಾವಿಸತಕ್ಕದ್ದು. ಈ ಕಟ್ಟಳೆಯ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ವೈಷ್ಣವರೇ ನೆಡಿಸತಕ್ಕದ್ದು. ರಾಜ್ಯದಲ್ಲಿರುವ ಜೈನರು ಬಾಗಿಲುಗಟ್ಟಳೆಯಾಗಿ ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನವರು ಆ ಹೊನ್ನನ್ನು ಕೂಡಿಸಿ, ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಮಿಕ್ಕ ಹೊನ್ನಿನಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಶಾಸನದ ಕೊನೆಯಲ್ಲಿ ಒಬ್ಬ ವರ್ತಕನ ಹೆಸರು ಬರುತ್ತದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಅವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು. ಜೈನನೊಬ್ಬನಿಗೆ ಜೈನರೂ ವೈಷ್ಣವರೂ ಒಟ್ಟಾಗಿ ಕಟ್ಟಿದ ಪಟ್ಟವದು. ಅಂಗಡಿಯ ಗಲ್ಲೆಯಲ್ಲಿ ಕುಳಿತು ಆಯುಷ್ಯ ಕಳೆದ ನನ್ನಂಥವನಿಗೆ ಈ ಸೆಟ್ಟಿಯ ಮೇಲೆ ವಿಶೇಷ ಅಭಿಮಾನವಿದ್ದರೆ ವಾಚಕರು ಮನ್ನಿಸಬೇಕು.

ಬಿನ್ನಹದ ಮೂರು ಲಕ್ಷಣಗಳು

ಆ ಭವ್ಯಜನರಿಗೆ ಕೋಪ ಬಂದಿರಲಿಲ್ಲವೆ? ಬಾರದೆ ಇರಲು ಸಾಧ್ಯವಿಲ್ಲ. ಪೂಜೆಯ ವಾದ್ಯ ಮತ್ತು ಕಲಶದ ಮರ್ಯಾದೆಯನ್ನು ಅರಸನು ಮರಳಿ ದೃಢಪಡಿಸಬೇಕಾಯಿತೆಂದರೆ ಅದಕ್ಕೆ ಅಡ್ಡಿ ಒದಗಿತ್ತೆಂದು ಊಹಿಸಬಹುದು. ಅಂಗರಕ್ಷೆಗೆ ಇಪ್ಪತ್ತು ಆಳುಗಳು ಬೇಕಾದರೆಂದರೆ ಭಯವೂ ಇತ್ತೆನ್ನಬೇಕು. ಅಂಥ ಸಂದರ್ಭದಲ್ಲಿ ಅವರು ಕೋಪವನ್ನು ನುಂಗಿ ಕುಳಿತುಕೊಳ್ಳಲಿಲ್ಲ. ಕೈಯೆತ್ತಿ ಹೊಡೆಯಲೂ ಹೋಗಲಿಲ್ಲ. ಬಿನ್ನಹ ಮಾಡಿದರು. ಈ ಬಿನ್ನಹದಲ್ಲಿ ಮೂರು ಲಕ್ಷಣಗಳು ಕಾಣುತ್ತವೆ.

ಮೊದಲನೆಯದು, ಅದು ತಲುಪಬೇಕಾದ ಕಡೆಗೆ ತಲುಪಿತು. ತಪ್ಪನ್ನು ಸರಿಪಡಿಸುವ ಅಧಿಕಾರ ಯಾರಲ್ಲಿದೆಯೋ ಅವನ ಮುಂದೆ, ಆರೋಪಕ್ಕೆ ಒಳಗಾದವರ ಸಮ್ಮುಖದಲ್ಲಿ ವಿಷಯ ಇತ್ಯರ್ಥವಾಯಿತು. ನಮ್ಮಲ್ಲಿ ಹೆಚ್ಚಿನ ಕೋಪವು ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತದೆ. ಅಧ್ಯಕ್ಷರ ಮೇಲಿನ ಸಿಟ್ಟನ್ನು ಅರ್ಚಕರ ಮೇಲೆ, ಗಿರಾಕಿಯ ಮೇಲಿನ ಸಿಟ್ಟನ್ನು ಗುಮಾಸ್ತೆಯ ಮೇಲೆ, ಅಂಗಡಿಯ ಸಿಟ್ಟನ್ನು ಮನೆಯ ಹೆಣ್ಣುಮಕ್ಕಳ ಮೇಲೆ ತೀರಿಸಿಕೊಳ್ಳುತ್ತೇವೆ. ಕಟ್ಟುವುದು, ಹೊಡೆಯುವುದು, ಅಂಗಚ್ಛೇದ, ಮಿತಿಮೀರಿ ಭಾರ ಹೊರಿಸುವುದು, ಅನ್ನಪಾನ ತಡೆಯುವುದು ಎಂಬ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪರಿಶೀಲಿಸಿ ನೋಡಿ. ಇವೆಲ್ಲವೂ ಎದುರು ಹೇಳಲಾರದ ಜೀವಿಗಳ ಮೇಲೆ ನಡೆಯುವಂಥವು.

ಎರಡನೆಯದು, ಅವರು ಕೇಳಿದ್ದು ಪರಿಹಾರವನ್ನು. ಶಾಸನದಲ್ಲಿ ಪ್ರತೀಕಾರದ ಗಂಧವಿಲ್ಲ. ಯಾರಿಗೂ ದಂಡ ವಿಧಿಸಿದ ಮಾತಿಲ್ಲ. ವಾದ್ಯ, ಕಲಶ, ಕಾವಲು, ಸುಣ್ಣ, ವರ್ಷಕ್ಕೆ ಒಂದು ಹಣ, ಇಪ್ಪತ್ತು ಆಳು. ಎಲ್ಲವೂ ಎಣಿಸಬಹುದಾದ, ಕೊಟ್ಟುಮುಗಿಸಬಹುದಾದ ಸಂಗತಿಗಳು. ಇಲ್ಲಿ ಕೋಪದ ಒಂದು ಒರೆಗಲ್ಲು ದೊರೆಯುತ್ತದೆ. ಕೇಳಿದ್ದು ದೊರೆತ ಮೇಲೆ ಕೋಪ ಇಳಿದರೆ ಅದು ನ್ಯಾಯದ ಹಸಿವಿನಿಂದ ಹುಟ್ಟಿದ್ದು. ದೊರೆತ ಮೇಲೂ ಇಳಿಯದಿದ್ದರೆ ಅದರ ತಾಯಿ ಮಾನಕಷಾಯ ಎಂದು ತಿಳಿಯಬೇಕು. ‘ನಿನಗೇನು ಬೇಕು?’ ಎಂದು ಕೇಳಿದಾಗ ಉತ್ತರ ಹೇಳಲಾರದ ಕೋಪವನ್ನು ಯಾವ ಅರಸನೂ ತೀರಿಸಲಾರ.

ಮೂರನೆಯದು ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿದ ಅಂಶ. ಆ ಭಕ್ತರು ಮಾಡಿದ ಅನ್ಯಾಯಗಳು ಯಾವುವು? ಯಾರು, ಯಾವ ಊರಿನಲ್ಲಿ, ಯಾವ ದಿನ ಏನು ಮಾಡಿದರು? ಶಾಸನ ಒಂದನ್ನೂ ಹೇಳುವುದಿಲ್ಲ. ‘ಅನ್ಯಾಯಗಳು’ ಎಂಬ ಒಂದು ಶಬ್ದದಲ್ಲಿ ಅದೆಲ್ಲವೂ ಮುಗಿದುಹೋಗುತ್ತದೆ. ಒಪ್ಪಂದದ ವಿವರವಾದರೋ ಹಣದ ಲೆಕ್ಕದವರೆಗೆ ಇದೆ. ಬಿನ್ನಹ ಮಾಡುವಾಗ ಎಲ್ಲವನ್ನೂ ವಿವರವಾಗಿಯೇ ಹೇಳಿದ್ದಿರಬೇಕು. ಹೇಳದೆ ನ್ಯಾಯ ತೀರ್ಮಾನವಾಗದು. ಆದರೆ ಕಲ್ಲಿನಲ್ಲಿ ಕೆತ್ತಿಸುವಾಗ ನೋವಿನ ಪಟ್ಟಿಯನ್ನು ಕೆತ್ತಿಸಲಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಇದರಿಂದ ನಷ್ಟವೇ ಆಗಿರಬಹುದು. ಶ್ರಾವಕನಿಗೆ ಮಾತ್ರ ಇದರಲ್ಲಿ ಒಂದು ದೊಡ್ಡ ಪಾಠವಿದೆ. ಕೋಪವನ್ನು ನೀರಿನ ಮೇಲೆ ಬರೆದರು, ಒಪ್ಪಂದವನ್ನು ಕಲ್ಲಿನ ಮೇಲೆ ಬರೆದರು. ನಾವು ಬಹುತೇಕ ಇದನ್ನು ತಿರುವುಮುರುವು ಮಾಡುತ್ತೇವೆ.

ಇನ್ನೊಂದು ಸಣ್ಣ ಮಾತನ್ನು ಇಲ್ಲಿ ಸೇರಿಸಬಹುದು. ಶಾಸನದ ತಿಥಿ ಭಾದ್ರಪದ ಶುದ್ಧ ದಶಮಿ. ಪಂಚಮಿಯಿಂದ ಚತುರ್ದಶಿಯವರೆಗೆ ನಾವು ಆಚರಿಸುವ ದಶಲಕ್ಷಣ ಪರ್ವದ ಲೆಕ್ಕದಲ್ಲಿ ಅದು ಆರನೆಯ ದಿನ, ಉತ್ತಮ ಸಂಯಮದ ದಿನ. ಬೇಕೆಂದೇ ಆ ದಿನವನ್ನು ಆರಿಸಿದರೆಂದು ಶಾಸನ ಹೇಳುವುದಿಲ್ಲ; ಕಾಕತಾಳೀಯವೂ ಇರಬಹುದು. ಆದರೂ ಪರ್ವದ ಆರನೆಯ ದಿನ ನನಗೆ ಬುಸುವಿಸೆಟ್ಟಿಯ ನೆನಪಾಗದೆ ಇರುವುದಿಲ್ಲ.

ಆಕ್ಷೇಪಣೆಗೆ ಸಮಾಧಾನ

ಈ ಒಪ್ಪಂದವನ್ನು ಟೀಕಿಸುವವರೂ ಉಂಟು. ಅನ್ಯಾಯ ಅನುಭವಿಸಿದವರೇ ಮನೆಗೊಂದು ಹಣ ತೆತ್ತು ರಕ್ಷಣೆ ಪಡೆಯಬೇಕಾಯಿತಲ್ಲ, ಆ ಹಣವನ್ನು ಎದುರು ಪಕ್ಷದವರ ಕೈಯಲ್ಲಿಯೇ ಇಡಬೇಕಾಯಿತಲ್ಲ ಎಂಬುದು ಒಂದು ಆಕ್ಷೇಪಣೆ. ಬಸದಿಯಲ್ಲಿರುವ ಶಾಸನ ರಾಮಾನುಜರ ಸ್ತುತಿಯಿಂದ ಆರಂಭವಾಗುತ್ತದಲ್ಲ ಎಂಬುದು ಇನ್ನೊಂದು. ಈ ಆಕ್ಷೇಪಣೆಗಳಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಒಪ್ಪಂದವೆಂದರೆ ಎರಡು ಕಡೆಯವರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು. ಬಲ ಕಡಿಮೆಯಿದ್ದವರು ಹೆಚ್ಚು ಬಿಟ್ಟುಕೊಡಬೇಕಾಗುವುದು ಲೋಕರೂಢಿ. ಆದರೆ ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಅದರಲ್ಲಿ ಜಾಣತನವೂ ಕಾಣುತ್ತದೆ. ಬೆಳಗೊಳದ ಕಾವಲಿನ ಹೊಣೆ ಯಾರ ಮೇಲೆ ಬಿತ್ತೋ ಅವರೇ ಬೆಳಗೊಳಕ್ಕೆ ಕೇಡು ಬಾರದಂತೆ ನೋಡಿಕೊಳ್ಳಬೇಕಾಯಿತು. ನಿನ್ನೆಯವರೆಗೆ ಎದುರು ನಿಂತವರು ಇಂದು ಪಾಲುದಾರರಾದರು.

ಇದೊಂದೇ ಪ್ರಸಂಗವಲ್ಲ. ಇದಕ್ಕೆ ಐದು ವರ್ಷ ಮೊದಲು, 1363ರಲ್ಲಿ, ಮಲೆನಾಡಿನ ಹೆದ್ದೂರುನಾಡಿನಲ್ಲಿ ತಡತಾಳದ ಪಾರ್ಶ್ವನಾಥ ಬಸದಿಯ ಭೂಮಿಯ ಎಲ್ಲೆಯ ಬಗ್ಗೆ ಜೈನ ಸೂರಿಗಳಿಗೂ ನಾಡಿನವರಿಗೂ ವಿವಾದ ಬಂದಿತ್ತು. ಆರಗದ ಚಾವಡಿಯಲ್ಲಿ ಮಂತ್ರಿ ನಾಗಣ್ಣನೂ ಹಿರಿಯರೂ ವಿಚಾರಣೆ ನಡೆಸಿ, ಪೂರ್ವದ ಮರ್ಯಾದೆಯಂತೆ ಎಲ್ಲೆಯನ್ನು ಗೊತ್ತುಮಾಡಿದರು.

1638ರ ಹಳೇಬೀಡಿನ ಪ್ರಸಂಗ ಸ್ವಲ್ಪ ಬೇರೆ. ಬೇಲೂರಿನಲ್ಲಿ ವೆಂಕಟಾದ್ರಿ ನಾಯಕನ ಆಳ್ವಿಕೆ. ಹುಚ್ಚಪ್ಪದೇವರೆಂಬವರು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಹಾಕಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿಹಾಕಿದನು. ಇಲ್ಲಿ ಕೋಪ ಮಾತಿಗಿಂತ ಮೊದಲು ಕೈಗೆ ಬಂದಿತು. ನಾಡು ಹೊತ್ತಿಕೊಳ್ಳಲು ಅಷ್ಟೇ ಸಾಕಿತ್ತು. ಆದರೆ ಜೈನ ಶೆಟ್ಟರು ಬಿನ್ನಹ ಮಾಡಿದರು. ವೀರಶೈವ ಮಹಾಮಹತ್ತಿನ ಹಿರಿಯರು ಕಲೆತು ತೀರ್ಮಾನ ಕೊಟ್ಟರು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಅನಂತರ ತಮ್ಮ ಪದ್ಧತಿಯಂತೆ ವಿಜಯಪಾರ್ಶ್ವನಾಥನ ಪೂಜೆಯನ್ನು ನಡೆಸಿಕೊಳ್ಳಬಹುದು. ಇದಕ್ಕೆ ಅಡ್ಡಿ ಮಾಡಿದವನು ತಮ್ಮವನೇ ಆದರೂ ಶಿವದ್ರೋಹಿ ಎಂದು ಸ್ವತಃ ವೀರಶೈವ ಹಿರಿಯರೇ ಶಾಸನ ಹಾಕಿಸಿದರು. ಇಲ್ಲಿಯೂ ನಮ್ಮವರು ಬಿಟ್ಟುಕೊಟ್ಟದ್ದಿದೆ. ಉಳಿಸಿಕೊಂಡದ್ದು ಪೂಜೆಯನ್ನು, ಮತ್ತು ನೆರೆಹೊರೆಯನ್ನು. ಕೈಮೀರಿದ ಕೋಪವನ್ನೂ ಮಾತಿಗೆ ಹಿಂದಿರುಗಿಸಬಹುದೆಂಬುದಕ್ಕೆ ಇದು ನಿದರ್ಶನ.

ನಮ್ಮ ಪುರಾಣವೂ ಈ ಮಾತಿಗೆ ಸಾಕ್ಷಿ. ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರಾದಾಗ ಮಂತ್ರಿಗಳು ಅಣ್ಣತಮ್ಮಂದಿರ ಜಗಳವನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಸೀಮಿತಗೊಳಿಸಿದರು. ಕೋಪಕ್ಕೆ ಒಂದು ಅಂಗಳ ಕಟ್ಟಿ, ಅದರೊಳಗೆ ಆಡಿ ಮುಗಿಸಿರಿ ಎಂದರು. ಭರತನು ಸೋತಮೇಲೆ ಆ ಅಂಗಳವನ್ನು ದಾಟಿ ಚಕ್ರವನ್ನೆಸೆದದ್ದೇ ಅವನ ಅಪಕೀರ್ತಿಗೆ ಕಾರಣವಾಯಿತು.

ನನ್ನ ಖಾತೆಯ ಒಂದು ಬಾಕಿ

ಪರರ ಕಥೆ ಹೇಳಿದವನು ತನ್ನದನ್ನೂ ಹೇಳಬೇಕು. ನಮ್ಮ ತಂದೆಯವರ ಕಾಲದ ಗೋದಾಮೊಂದು ನನಗೂ ನನ್ನ ತಮ್ಮನಿಗೂ ಪಾಲಿನಲ್ಲಿತ್ತು. ನಾನು ಯಾತ್ರೆಗೆ ಹೋಗಿದ್ದಾಗ ತಮ್ಮನು ನನ್ನನ್ನು ಕೇಳದೆ ಅದರ ಮಾರಾಟದ ಮಾತು ಮುಗಿಸಿ ಮುಂಗಡ ಪಡೆದಿದ್ದ. ನನ್ನ ಪಾಲಿನ ಹಣ ಪೈಸೆ ಬಿಡದೆ ಬಂದಿತು. ಆದ್ದರಿಂದ ಹೇಳುವುದಕ್ಕೇನೂ ಇಲ್ಲವೆಂದುಕೊಂಡು ಸುಮ್ಮನಾದೆ. ಸುಮ್ಮನಾದದ್ದನ್ನು ಕ್ಷಮೆಯೆಂದು ಬಗೆದೆ. ಒಳಗೊಳಗೇ ಅದಕ್ಕಾಗಿ ಹೆಮ್ಮೆಯನ್ನೂ ಪಟ್ಟೆ.

ವಾಣಿಜ್ಯ ಓದಿದ ನನಗೆ ಒಂದು ವಿಷಯ ಹೊಳೆಯಬೇಕಾಗಿತ್ತು. ಕಿರ್ದಿಯಲ್ಲಿ ಬರೆಯದ ಮೊತ್ತ ಎಲ್ಲಿಗೂ ಹೋಗುವುದಿಲ್ಲ. ಅದು ಎಲ್ಲೋ ಒಂದು ಕಡೆ ತಾಳೆ ತಪ್ಪಿಸುತ್ತಲೇ ಇರುತ್ತದೆ. ತಮ್ಮನ ಮನೆಯ ಊಟಕ್ಕೆ ನನಗೆ ಸಮಯ ಸಾಲದಾಯಿತು. ಅವನ ಮಗನ ಉಪನಯನಕ್ಕೆ ಮುಹೂರ್ತ ಮುಗಿದ ಮೇಲೆ ಹೋದೆ. ಪ್ರತಿ ದೀಪಾವಳಿಗೆ ಹೊಸ ಪುಸ್ತಕ ಪೂಜೆಮಾಡುವಾಗ ಹಳೆಯ ಬಾಕಿಯನ್ನು ಮನಸ್ಸಿನೊಳಗೆ ಮುಂದಕ್ಕೆ ಎತ್ತಿ ಬರೆಯುತ್ತಿದ್ದೆ. ಹನ್ನೊಂದು ಕ್ಷಮಾವಣಿಗಳು ಹೀಗೆ ಕಳೆದವು. ಹನ್ನೊಂದರಲ್ಲೂ ಅವನಿಗೆ ಕೈಮುಗಿದಿದ್ದೆ.

ಕೊನೆಗೆ ಮಾತೆತ್ತಿದವಳು ತಮ್ಮನ ಹೆಂಡತಿ. ಒಂದು ಮಧ್ಯಾಹ್ನ ಮನೆಗೆ ಬಂದು, ಹೊಸ್ತಿಲಿನಲ್ಲಿಯೇ ನಿಂತು ಕೇಳಿದಳು: “ಭಾವನವರೇ, ಆ ದಿನ ನೀವು ಅವರನ್ನು ಕರೆದು ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಹನ್ನೊಂದು ವರ್ಷ ಬೈಯದೆ ಇದ್ದೀರಲ್ಲ, ನಮ್ಮಿಂದ ಅಷ್ಟು ದೊಡ್ಡ ತಪ್ಪೇನಾಯಿತು?” ನನ್ನಲ್ಲಿ ಉತ್ತರವಿರಲಿಲ್ಲ. ಸಂಜೆ ತಮ್ಮನನ್ನು ಕರೆಸಿ, ಗೋದಾಮಿನ ವಿಷಯವನ್ನೂ, ಅದಕ್ಕಿಂತ ಹೆಚ್ಚಾಗಿ, ನನ್ನನ್ನು ಕೇಳಬೇಕಾಗಿತ್ತೆಂಬ ನೋವನ್ನೂ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಅಣ್ಣಾ, ನಿಮಗೆ ಬೇಸರವಾಗಿದೆ ಅಂತ ಗೊತ್ತಿತ್ತು. ಯಾವುದಕ್ಕೆ ಅಂತ ಗೊತ್ತಿರಲಿಲ್ಲ” ಎಂದ. ಕಲ್ಲಿನ ಗೆರೆಯನ್ನು ಕೆತ್ತಿದವನು ನಾನೇ ಎಂದು ಆಗ ತಿಳಿಯಿತು. ಅವನು ಮಾಡಿದ್ದೂ ತಪ್ಪೇ; ಅದನ್ನು ಅವನು ಒಪ್ಪಿಕೊಂಡ. ಆದರೆ ಅವನ ತಪ್ಪು ಒಂದು ದಿನದ್ದು, ನನ್ನದು ಹನ್ನೊಂದು ವರ್ಷದ್ದು.

ಟ್ರಸ್ಟುಗಳಿಗೂ ಮನೆಗಳಿಗೂ

ಇಂದು ನಮ್ಮ ಬಸದಿಗಳ ಆಡಳಿತದಲ್ಲಿ ಮನಸ್ತಾಪಗಳು ಇಲ್ಲವೆನ್ನುವಂತಿಲ್ಲ. ಅಭಿಷೇಕದ ಕಲಶದ ಹರಾಜಿನಲ್ಲಿ ಆದ ಒಂದು ಮಾತು, ಪಂಚಕಲ್ಯಾಣದ ಆಮಂತ್ರಣ ಪತ್ರಿಕೆಯಲ್ಲಿ ಬಿಟ್ಟುಹೋದ ಒಂದು ಹೆಸರು, ಲೆಕ್ಕ ಕೇಳಿದ್ದಕ್ಕೆ ಸಿಕ್ಕ ಒರಟು ಉತ್ತರ. ಇಷ್ಟರಿಂದಲೇ ಎರಡು ಕುಟುಂಬಗಳು ತಲೆಮಾರುಗಟ್ಟಲೆ ಬೇರೆಯಾಗಿರುವುದುಂಟು. ಲೆಕ್ಕ ಕೇಳುವುದು ಕ್ರೋಧವಲ್ಲ. ಅದು ದೇವದ್ರವ್ಯದ ರಕ್ಷಣೆ. ಕೇಳಿದವನನ್ನು ‘ಕಷಾಯಿ’ ಎಂದು ಬಾಯಿಮುಚ್ಚಿಸುವುದು ಕ್ಷಮೆಯ ಹೆಸರಿನಲ್ಲಿ ಮಾಡುವ ಅನ್ಯಾಯ. ಹಾಗೆಯೇ, ಸಭೆಯಲ್ಲಿ ಒಂದು ಮಾತೂ ಆಡದೆ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ನೂರು ಮಾತಾಡುವುದು ಶ್ರಾವಕರಿಗೆ ಭೂಷಣವಲ್ಲ.

ಪೂರ್ವಿಕರ ದಾರಿ ಕಷ್ಟದ್ದೇನಲ್ಲ. ಮನಸ್ಸಿಗೆ ನೋವಾದಾಗ ಮೊದಲು ಒಂದು ಮುಹೂರ್ತ ಸುಮ್ಮನಿರಬೇಕು. ನಲವತ್ತೆಂಟು ನಿಮಿಷದ ಸಾಮಾಯಿಕದ ಅಭ್ಯಾಸ ನಮಗೆ ಇರುವುದೇ ಇದಕ್ಕಾಗಿ. ಅಷ್ಟರಲ್ಲಿ ಇಳಿಯದಿದ್ದರೆ, ಆದದ್ದೇನು, ಬೇಕಾದದ್ದೇನು ಎಂಬುದನ್ನು ಒಂದು ಕಾಗದದಲ್ಲಿ ಬರೆಯಬೇಕು. ಬೇಕಾದದ್ದೇನೆಂದು ಬರೆಯಲು ಬಾರದಿದ್ದರೆ ಆ ಕಾಗದವನ್ನು ಹರಿದುಹಾಕಿ ತನ್ನ ಮಾನಕಷಾಯವನ್ನು ಪರೀಕ್ಷಿಸಿಕೊಳ್ಳಬೇಕು. ಬರೆಯಲು ಬಂದರೆ ಪಕ್ಷ ಕಳೆಯುವ ಮುನ್ನ, ಸಂಬಂಧಪಟ್ಟವರ ಎದುರಿಗೆ, ಅನುವೀಚಿಭಾಷಣದಿಂದ ಹೇಳಬೇಕು. ಇಬ್ಬರಿಂದ ಇತ್ಯರ್ಥವಾಗದಿದ್ದರೆ ಇಬ್ಬರೂ ಒಪ್ಪುವ ಹಿರಿಯರ ಮುಂದೆ ಇಡಬೇಕು. ಟ್ರಸ್ಟುಗಳು ಇಂಥ ಬಿನ್ನಹ ಕೇಳುವುದಕ್ಕೆಂದು ವರ್ಷದಲ್ಲಿ ಒಂದು ದಿನವನ್ನು, ಕ್ಷಮಾವಣಿಗೆ ಮುಂಚೆಯೇ, ಗೊತ್ತುಮಾಡಿದರೆ ಆ ದಿನದ ಕೈಮುಗಿಯುವಿಕೆಗೆ ಅರ್ಥ ಬಂದೀತು. ತೀರ್ಮಾನವಾದ ಮೇಲೆ ನಡವಳಿ ಪುಸ್ತಕದಲ್ಲಿ ತೀರ್ಮಾನವನ್ನು ಬರೆಯಿರಿ, ಬೈಗುಳವನ್ನು ಬರೆಯಬೇಡಿ.

ಮುಂದಿನ ಬಾರಿ ಶ್ರವಣಬೆಳಗೊಳಕ್ಕೆ ಹೋದಾಗ, ಬೆಟ್ಟ ಹತ್ತಿ ಸ್ವಾಮಿಯ ದರ್ಶನ ಮಾಡಿ ಇಳಿದ ಮೇಲೆ, ಭಂಡಾರಿ ಬಸದಿಯಲ್ಲಿರುವ ಆ ಶಾಸನವನ್ನು ಮಕ್ಕಳಿಗೆ ತೋರಿಸಿರಿ. ಅದರಲ್ಲಿ ಬರೆದಿರುವುದನ್ನು ಓದಿ ಹೇಳಿ, ಬರೆಯದೆ ಬಿಟ್ಟಿರುವುದನ್ನೂ ತಿಳಿಸಿರಿ. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿರುವಾಗ, ಯಾರಿಗಾದರೂ ಮನಸ್ಸಿನಲ್ಲಿ ಹಳೆಯ ಬಾಕಿಯೊಂದು ನೆನಪಾದರೆ, ಊರಿಗೆ ಮರಳಿದ ದಿನವೇ ಅವರ ಮನೆಯ ಬಾಗಿಲು ತಟ್ಟಲಿ.